ನಮ್ಮ ಕಾಕಾ ವಿಮಾನ ಆರಿಸಿದ್ದು

ಕಳೆದ ತಿಂಗಳು ಕಾಕಾ ಕೆಲಸ ಬಿಟ್ಟರು. ಯಾರೂ ಬಿಡಿಸಲಿಲ್ಲ, ತಾವಾಗಿಯೇ ಬಿಟ್ಟರು. ಶಿರಹಟ್ಟಿಯ ಆಚೆ ನಮ್ಮದೊಂದು ಸಣ್ಣ ವಿಮಾನಪಟ್ಟಿ ಇದೆ. ಆಕಾಶಕ್ಕೆ ಹೋಗಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಆಸೆ ಇದ್ದವರು ಅಲ್ಲಿಗೆ ಬರುತ್ತಾರೆ. ಒಂದು ಸೋಮವಾರ ಬೆಳಿಗ್ಗೆ ಕಾಕಾ ಅಲ್ಲಿಯ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ನಿಂತು, "ಅಕ್ಕಾರ, ಎಡಗಿವಿ ಸರಿಯಾಗಿ ಕೇಳವಲ್ದು. ಎಂಜಿನ್ ಹತ್ರ ಕೆಲಸ ಮಾಡಾವಗ ಎರಡೂ ಕಿವಿ ಬೇಕ್ರಿ. ನಾಳಿಂದ ನಾ ಬರೂದಿಲ್ಲ" ಎಂದರು. ಅಷ್ಟೇ. ಸನ್ಮಾನ ಮಾಡುತ್ತೇವೆ, ಶಾಲು ಹೊದಿಸುತ್ತೇವೆ ಎಂದರೆ, "ಈ ಬಿಸಲಾಗ ಶಾಲ ಹೊಚ್ಚತೀರಿ? ನಾ ಏನ್ ತಪ್ಪ ಮಾಡೇನ್ರಿ?" ಎಂದು ಕೇಳಿ, ಸ್ಕೂಟರ್ ಹತ್ತಿ ಬೆಟಗೇರಿಯ ಕಡೆ ಹೊರಟೇಬಿಟ್ಟರು.

ಅವರು ಅಲ್ಲಿ ಏನು ಮಾಡುತ್ತಿದ್ದರು ಎಂದು ಹೊಸಬರು ಕೇಳಿದರೆ ನಾನು ಒಂದೇ ಮಾತು ಹೇಳುತ್ತೇನೆ: ವಿಮಾನ ಆರಿಸಿದರು. ಉಳಿದ ಕೆಲಸಗಳನ್ನು ಬೇರೆ ಯಾರಾದರೂ ಮಾಡಬಹುದಿತ್ತು. ಅದೊಂದನ್ನು ಬೇರೆಯವರು ಮಾಡಿದ್ದರೆ ಇವತ್ತು ನಾನು ಇಷ್ಟು ಹಗುರವಾಗಿ ಕುಳಿತು ಬರೆಯುತ್ತಿರಲಿಲ್ಲ.

ನಮಗೆಲ್ಲರಿಗೂ ಕಾಕಾ ಆಗಿದ್ದ ಅವರು ಬೆಟಗೇರಿಯ ನೇಕಾರರ ಮನೆಯವರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ವಿಮಾನಗಳ ಮೈ ರಿಪೇರಿ ಮಾಡಿ ಊರಿಗೆ ಮರಳಿದ್ದರು. ಎತ್ತರದ ಆಳು, ಒಣಕಲು ಮೈ. ಜೇಬಿನಲ್ಲಿ ಸದಾ ಎರಡು ಪೆನ್ನು, ಒಂದು ಮಡಚಿದ ಅಳತೆ ಟೇಪು. ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಚೌಕಟ್ಟಿನ ಮೇಲೆ ಅಂಗೈ ಆಡಿಸಿ, ಆಮೇಲೆ ಒಳಗೆ ಬರುತ್ತಿದ್ದರು. ನಮ್ಮ ಮನೆಗೆ ಬಂದಾಗಲೂ ಹಾಗೆಯೇ ಮಾಡಿದರು. ನನ್ನ ಅತ್ತೆ, "ಯಾಕಪಾ, ಬಣ್ಣ ಹಸಿ ಐತೇನು?" ಎಂದು ಗಾಬರಿಯಿಂದ ಕೇಳಿದ್ದರು.

ನನಗೆ ಅವರ ಪರಿಚಯವಾದದ್ದು ಒಂದು ತಕ್ಕಡಿಯ ಮುಂದೆ. ನಾನು ಆಗ ಗದಗಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಲಕ್ಷ್ಮೇಶ್ವರದ ಹತ್ತಿ ವ್ಯಾಪಾರದ ಮನೆತನದ ಸಾಹುಕಾರರೊಬ್ಬರು ವಿದೇಶ ಪ್ರವಾಸಕ್ಕೆ ಹೋದಾಗ ಒಮ್ಮೆ ವಿಮಾನದಿಂದ ಜಿಗಿದು ಬಂದಿದ್ದರು. ನಲವತ್ತರ ಆಸುಪಾಸಿನ ಮನುಷ್ಯ, ಹುರುಪಿನವರು. ನಮ್ಮ ಕಡೆಯೂ ಅಂಥದ್ದೊಂದು ಆಗಬೇಕು ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಪರವಾನಗಿಯ ಅರ್ಜಿಗಳನ್ನೂ, ವಿಮಾನ ಮಾರುವವರಿಗೆ ಪತ್ರಗಳನ್ನೂ ಬರೆಯಲು ನನ್ನನ್ನು ಕರೆದರು. ವಿಮಾನ ಆರಿಸಲು ಕಾಕಾ ಅವರನ್ನು ಕರೆದಿದ್ದರು.

ಮೊದಲ ದಿನ ಸಾಹುಕಾರರ ಹತ್ತಿ ಜಿನ್ನಿಗೆ, ಅಂದರೆ ಅರಳೆ ಬಿಡಿಸುವ ಕಾರ್ಖಾನೆಗೆ, ಹೋದೆ. ಅರಳೆಯ ಅಂಡಿಗೆಗಳನ್ನು ತೂಗುವ ದೊಡ್ಡ ತಕ್ಕಡಿಯ ಪಕ್ಕ ಕಾಕಾ ನೋಟ್‌ಬುಕ್ ಹಿಡಿದು ನಿಂತಿದ್ದರು. ಜಿನ್ನಿನಲ್ಲಿ ಇದ್ದವರೆಲ್ಲ ಒಬ್ಬೊಬ್ಬರಾಗಿ ಹತ್ತಿ ಇಳಿಯುತ್ತಿದ್ದರು.

"ನಿಮ್ಮ ತೂಕ ಎಷ್ಟ್ರಿ?" ಎಂದು ನನ್ನನ್ನು ಕೇಳಿದರು.

"ಅರವತ್ತೊಂದು" ಎಂದೆ.

"ಯಾವಾಗಿಂದು?"

ನಾನು ವರ್ಷ ಎಣಿಸತೊಡಗಿದೆ. "ನಿಂದರ್ರಿ ಇಲ್ಲೆ" ಎಂದರು. ತಕ್ಕಡಿ ಅರವತ್ತೆಂಟು ತೋರಿಸಿತು.

"ಚಪ್ಪಲಿ ಅದಾವಲ್ರಿ" ಎಂದೆ.

"ಜಿಗಿಯೋರು ಬರಿಗಾಲಲೆ ಬರ್ತಾರೇನ್ರಿ?" ಎಂದು ಅರವತ್ತೆಂಟನ್ನೇ ಬರೆದುಕೊಂಡರು.

ಸಾಹುಕಾರರು ಎಂಬತ್ತೈದು ಎಂದಿದ್ದರು, ತೊಂಬತ್ತೇಳು ಬಂತು. ಜಿನ್ನಿನ ಹಮಾಲರು ಬೇರೆ ಕಡೆ ಮುಖ ತಿರುಗಿಸಿಕೊಂಡರು. ಕಾಕಾ ಮಾತ್ರ ನಗಲಿಲ್ಲ. "ವಿಮಾನಕ್ಕ ನಿಮ್ಮ ಆಸ್ತಿ ಗೊತ್ತಿಲ್ರಿ ಸಾವ್ಕಾರ್ರ. ತೂಕ ಅಷ್ಟ ಗೊತ್ತು" ಎಂದರು. ಇಷ್ಟೆಲ್ಲ ಜನರನ್ನು ಯಾಕೆ ತೂಗುತ್ತೀರಿ, ಪುಸ್ತಕದಲ್ಲಿ ಸರಾಸರಿ ಬರೆದಿರುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, "ಪುಸ್ತಕದಾಗಿನ ಮನಷಾ ಬ್ಯಾರೆ, ಜ್ವಾಳದ ರೊಟ್ಟಿ ಉಣ್ಣೋ ಮನಷಾ ಬ್ಯಾರೆ" ಎಂದರು.

ಪಟ್ಟಿಗೆ ಜಾಗ ಗೊತ್ತುಮಾಡುವಾಗಲೂ ಹೀಗೆಯೇ. ಸಾಹುಕಾರರ ಮನಸ್ಸು ಡಂಬಳದ ಕಡೆಯ ತಮ್ಮದೇ ಹೊಲದ ಮೇಲಿತ್ತು. ಕಾಕಾ ಒಂದು ಹಿಡಿ ಮಣ್ಣು ತೆಗೆದು, ಬಾಟಲಿಯ ನೀರು ಹಾಕಿ ಕಲಸಿ, ಸಾಹುಕಾರರ ಬೂಟಿನ ತಳಕ್ಕೆ ಮೆತ್ತಿದರು. ಎರೆಮಣ್ಣು ಬಿಡಲೇ ಇಲ್ಲ. "ಒಂದ ಮಳಿ ಬಿದ್ರ ಗಾಲಿ ಹಿಂಗ ಆಗ್ತಾವು. ಮತ್ತ ಅಲ್ಲಿ ನೋಡ್ರಿ" ಎಂದು ದಿಗಂತದುದ್ದಕ್ಕೂ ತಿರುಗುತ್ತಿದ್ದ ಗಾಳಿಯಂತ್ರಗಳತ್ತ ಕೈ ಮಾಡಿದರು. ಪ್ಯಾರಾಚೂಟಿನಲ್ಲಿ ಇಳಿಯುವವರಿಗೆ ಅವುಗಳಷ್ಟು ಕೆಟ್ಟ ನೆರೆಹೊರೆ ಬೇರೆ ಇಲ್ಲ. ಕೊನೆಗೆ ಶಿರಹಟ್ಟಿಯ ಆಚೆ ಗಟ್ಟಿಯಾದ ಕೆಂಪು ಮಸಾರಿ ನೆಲ ಸಿಕ್ಕಿತು.

ಇನ್ನು ವಿಮಾನ. ಸಾಹುಕಾರರು ಮೂರು ವಿಮಾನಗಳ ಫೋಟೋ ತರಿಸಿಕೊಂಡಿದ್ದರು. ಕಾಕಾ ಫೋಟೋಗಳನ್ನು ಬದಿಗಿಟ್ಟು ಅಳತೆ ಕೇಳಿದರು. ಅಳತೆಗಳು ಬಂದ ಮೇಲೆ ಜಿನ್ನಿನ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ವಿಮಾನಗಳ ಒಳಗನ್ನು ಇದ್ದಷ್ಟೇ ದೊಡ್ಡದಾಗಿ ಬರೆದರು. ಬಿದಿರಿನ ಗಳಗಳಿಂದ ಬಾಗಿಲು ಕಟ್ಟಿದರು. ವಿಮಾನದ ಚಾವಣಿ ಎಷ್ಟು ಎತ್ತರವೋ ಅಷ್ಟಕ್ಕೆ ಅಡ್ಡಲಾಗಿ ಹಗ್ಗ ಬಿಗಿದರು. ಆಮೇಲೆ ಹಮಾಲರ ಬೆನ್ನಿಗೆ ಪ್ಯಾರಾಚೂಟಿನ ಬದಲು ಶೇಂಗಾ ಚೀಲ ಕಟ್ಟಿ, "ಒಬ್ಬೊಬ್ಬರ ಒಳಗ ಹೋಗಿ ಕುಂಡ್ರಿ. ನಾ ಹೇಳಿದಾಗ ಹೊರಗ ಬರ್ರಿ" ಎಂದರು.

ಒಬ್ಬ ಹಮಾಲ ಸುಣ್ಣದ ಗೆರೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತು, "ಕಾಕಾ, ವಿಮಾನದಾಗ ಕುರ್ಚಿ ಇರಂಗಿಲ್ಲೇನು?" ಎಂದು ಕೇಳಿದ.

"ಇರ್ತಾವು. ತಗದ ಮ್ಯಾಲೇ ಅದು ನಮ್ಮ ವಿಮಾನ ಆಗೂದು."

ನಾಲ್ಕು ಆಸನದ ಸಣ್ಣ ವಿಮಾನ ಅವತ್ತೇ ಲೆಕ್ಕದಿಂದ ಬಿದ್ದುಹೋಯಿತು. ತರಬೇತುದಾರನೂ ಅವನ ಮೈಗೆ ಬಿಗಿದುಕೊಂಡು ಜಿಗಿಯುವವನೂ ಅದರಲ್ಲಿ ಹಿಡಿದರೆ, ಇನ್ನೊಬ್ಬನ ಮೊಣಕಾಲು ಪೈಲಟ್‌ನ ಬೆನ್ನಿಗೆ ತಾಗುತ್ತಿತ್ತು. ಅದಲ್ಲದೆ ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿಯೇ ತೆಳ್ಳಗಾಗಿಬಿಡುತ್ತದೆ, ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. "ಜಿಗಿಯೋ ಎತ್ತರ ಮುಟ್ಟೋದ್ರಾಗ ಮಂದಿಗೆ ಊಟದ ಹೊತ್ತ ಆಗತೈತಿ" ಎಂದರು ಕಾಕಾ.

ಉಳಿದದ್ದು ಎರಡು. ಒಂದು ಹಳೆಯದು: ಒಂದೇ ಎಂಜಿನ್, ಆರು ಆಸನ, ರೆಕ್ಕೆ ತಲೆಯ ಮೇಲೆ, ಬಲಗಡೆ ಸಾಮಾನು ತುಂಬುವ ಅಗಲವಾದ ಬಾಗಿಲು. ಬಣ್ಣ ಸುಲಿದಿತ್ತು. ಇನ್ನೊಂದು ಬಿಳಿ ನೀಲಿ ಬಣ್ಣದ ಅಂದಗಾರ: ಎರಡು ಎಂಜಿನ್, ಚರ್ಮದ ಆಸನ, ರೆಕ್ಕೆ ಕೆಳಗೆ, ಹಿಂಬದಿಯಲ್ಲಿ ಒಂದು ಪುಟ್ಟ ಬಾಗಿಲು. ಸಾಹುಕಾರರು ಅದಕ್ಕೆ ಮನಸೋತಿದ್ದರು. ಅದರ ಫೋಟೋವನ್ನು ಮೊಬೈಲಿನ ಮುಖದ ಮೇಲೆ ಹಾಕಿಕೊಂಡಿದ್ದರು.

"ಎರಡು ಎಂಜಿನ್ ಅದಾವ ಕಾಕಾ. ಒಂದು ಕೆಟ್ರ ಇನ್ನೊಂದ ಇರತೈತಿ."

"ಕೆಡಾಕ ಎರಡ ಅದಾವು ಅಂತನೂ ಆತಲ್ರಿ."

"ಎಷ್ಟ ಜೋರ ಹೋಗತೈತಿ ಗೊತ್ತೇನು?"

"ಜೋರ ಹೋಗಿ ಎಲ್ಲಿಗೆ ಹೋಗೂದೈತ್ರಿ? ಎದ್ದ ಜಾಗಕ್ಕ ಬಂದು ಇಳಿಯಾವರು ನಾವು. ಮಂದಿ ವಿಮಾನ ತಗೋಳೂದು ಊರು ಮುಟ್ಟಾಕ. ನಾವು ತಗೋಳೂದು ನಡುವ ಇಳಿಯಾಕ. ಇಳಿಯಾವಗ ವಿಮಾನ ಸಾವಕಾಶ ಹೋಗಬೇಕು, ಬಾಗಲಾ ದೊಡ್ಡದಿರಬೇಕು, ಬಾಲ ಮೈಗೆ ಹತ್ತಬಾರದು. ಇದರಾಗ ಮೂರೂ ಇಲ್ಲ."

ಮಾತಿಗೆ ಮಾತು ಬೆಳೆಯಿತು. ಸಾಹುಕಾರರು, ನೀವು ಹಳೆಯ ಕಾಲದವರು, ಹೊಸದು ಯಾವುದೂ ನಿಮ್ಮ ಕಣ್ಣಿಗೆ ಹಿಡಿಸುವುದಿಲ್ಲ ಎಂದುಬಿಟ್ಟರು. ಕಾಕಾ ಸಿಟ್ಟಾಗಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗಿಟ್ಟರು.

"ಆತು, ತಗೋರಿ. ನಿಮ್ಮ ವಿಮಾನ, ನಿಮ್ಮ ಪಟ್ಟಿ. ಆದ್ರ ಅಕ್ಕಾರು ಬರದ ಕಾಗದದ ಮ್ಯಾಲೆ ನನ್ನ ಸಹಿ ಬೀಳೂದಿಲ್ಲ. ನೀವು ಅದನ್ನ ತಂದ ದಿನಾ ನಾ ಮನಿ ಹಿಡೀತೀನಿ. ನೋಡಾಕ ಕರೀರಿ, ಬರ್ತೀನಿ. ಒಪ್ಪಾಕ ಅಲ್ಲ."

ನೋಡಲು ಹೋದದ್ದು ಬೇರೆ ರಾಜ್ಯದ ಒಂದು ಊರಿಗೆ. ಸಾಹುಕಾರರು, ಕಾಕಾ, ಜಿಗಿತ ಕಲಿಸಲು ಗೊತ್ತುಮಾಡಿದ್ದ ಇಬ್ಬರು ತರಬೇತುದಾರರು, ನಾನು. ರೈಲಿನಲ್ಲಿ ಹೋಗುವಾಗ ಸಾಹುಕಾರರಿಗೂ ಕಾಕಾ ಅವರಿಗೂ ನಡುವೆ ಮಾತೇ ಇರಲಿಲ್ಲ. ಒಬ್ಬರು ಚುರುಮುರಿ ಕೊಟ್ಟರೆ ಇನ್ನೊಬ್ಬರು ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ಕಾಕಾ ಅವರ ಮಾತು ಸರಿ ಎಂದು ನನಗೆ ಅನ್ನಿಸಿತ್ತು. ಆದರೆ ಅದನ್ನು ಹೇಳುವ ಧೈರ್ಯವಿರಲಿಲ್ಲ. ವಿಮಾನದ ಬಗ್ಗೆ ನನಗೇನು ಗೊತ್ತಿತ್ತು?

ಹ್ಯಾಂಗರಿನಲ್ಲಿ ಅಂದಗಾರ ನಿಂತಿತ್ತು. ನಿಜ ಹೇಳಬೇಕೆಂದರೆ ನನ್ನ ಕಣ್ಣೂ ಅದರ ಮೇಲೆಯೇ ನೆಟ್ಟಿತು. ಮಾರುವವರು ವಿನಯವಂತರು, ಕಾಫಿ ಕೊಟ್ಟರು. ಕಾಕಾ ವಿಮಾನದ ಸುತ್ತ ಒಂದು ಸುತ್ತು ಬಂದು, ಹಿಂದಿ ಬೆರೆಸಿದ ಇಂಗ್ಲಿಷಿನಲ್ಲಿ ಅವರನ್ನು ಕೇಳಿದ್ದು ಎರಡೇ: ಹಿಂದಿನ ಆಸನ ಬಿಚ್ಚಬಹುದೇ? ಬಾಲದ ಕೆಳಗೆ ಇಡಲು ಹಳೆಯ ಟೈರು, ಹಾಸಿಗೆ ಸಿಗುತ್ತವೆಯೇ?

"ಹಾಸಗಿ ಯಾಕ್ರಿ?" ಎಂದರು ಸಾಹುಕಾರರು. ಎರಡು ದಿನದಲ್ಲಿ ಅವರು ಕಾಕಾ ಅವರೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಬೇಕಾಗತೈತಿ."

ಹಿಂದಿನ ಆಸನ ಬಿಚ್ಚಿ, ಬಾಲದ ಕೆಳಗೆ ಟೈರುಗಳ ಮೇಲೆ ಹಾಸಿಗೆ ಇಟ್ಟಾಯಿತು. ಇಬ್ಬರು ತರಬೇತುದಾರರು ಪ್ಯಾರಾಚೂಟಿನ ಚೀಲಗಳನ್ನು ಕಟ್ಟಿಕೊಂಡು ಒಳಗೆ ಹತ್ತಿ ಹಿಂದಿನ ಬಾಗಿಲ ಬಳಿ ಕೂತರು. ಅವರ ಪಕ್ಕಕ್ಕೆ ನನ್ನನ್ನು ಹತ್ತಿಸಿದರು. ಮೇಲೆ ಹೋದಾಗ ಜಿಗಿಯುವವರು ಹೀಗೆಯೇ ಬಾಗಿಲ ಹತ್ತಿರ ಗುಂಪಾಗುತ್ತಾರೆ, ಎಲ್ಲರ ಭಾರ ಒಮ್ಮೆಲೇ ಹಿಂದಕ್ಕೆ ಬೀಳುತ್ತದೆ ಎಂದು ಕಾಕಾ ಹೊರಗಿನಿಂದ ವಿವರಿಸಿದರು. ಕೊನೆಗೆ ಸಾಹುಕಾರರು ಹತ್ತಿ, ಮುಂದಿನ ಚರ್ಮದ ಆಸನದ ಬೆನ್ನು ಹಿಡಿದು ನಿಂತರು.

"ನೀವೂ ಜಿಗಿಯಾವ್ರ ಅಲ್ಲೇನ್ರಿ? ಹಿಂದ ಬರ್ರಿ."

ಸಾಹುಕಾರರು ಬಗ್ಗಿಕೊಂಡು ಒಂದು ಹೆಜ್ಜೆ ಬಂದರು.

"ಇನ್ನೊಂದ ಹೆಜ್ಜಿ."

ಇನ್ನೊಂದು ಹೆಜ್ಜೆ ಬಂದರು. ಆಗ ಏನೋ ನಿಧಾನವಾಗಿ ಆಯಿತು. ಕಿಟಕಿಯಲ್ಲಿ ಕಾಣುತ್ತಿದ್ದ ಹ್ಯಾಂಗರಿನ ಬಾಗಿಲು ಕೆಳಗೆ ಜಾರಿತು. ನಮ್ಮ ಮುಂದಿನ ಗಾಜಿನಲ್ಲಿ ತಗಡಿನ ಚಾವಣಿ ಕಂಡಿತು. ವಿಮಾನದ ಮೂತಿ, ಮೂತಿಯ ಗಾಲಿಯ ಸಮೇತ, ಮೇಲಕ್ಕೆ ಎದ್ದಿತ್ತು. ಬಾಲ ಮೆತ್ತಗೆ ಹೋಗಿ ಹಾಸಿಗೆಯ ಮೇಲೆ ಕೂತಿತು. ಸಾಹುಕಾರರ ತಂಪು ಕನ್ನಡಕ ಜಾರಿ ನನ್ನ ಉಡಿಯಲ್ಲಿ ಬಿತ್ತು.

"ಯಾರೂ ಇಳಿಬ್ಯಾಡ್ರಿ" ಎಂದು ಕಾಕಾ ಸಮಾಧಾನದ ಧ್ವನಿಯಲ್ಲೇ ಹೇಳಿದರು. "ಒಮ್ಮೆಲೇ ಇಳದ್ರ ಮೂತಿ ಧಪ್ ಅಂತ ಬೀಳತೈತಿ. ಸಾವ್ಕಾರ್ರ, ನೀವ ಮೊದಲ ಮುಂದ ಸರೀರಿ."

ಎಲ್ಲರೂ ಒಬ್ಬೊಬ್ಬರಾಗಿ ಕೆಳಗಿಳಿದೆವು. ಸಾಹುಕಾರರು ಹಾಸಿಗೆಯನ್ನೇ ನೋಡುತ್ತಾ ನಿಂತಿದ್ದರು. ಕಾಕಾ ಸಾಹುಕಾರರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಮ್ಯಾಲೆ ಹಾಸಗಿ ಇರಂಗಿಲ್ರಿ" ಎಂದರು.

ಮಾರುವವರ ಮುಖ ಸಪ್ಪಗಾಗಿತ್ತು. ಕಾಕಾ ಆ ಮಾರುವವರ ಕೈಕುಲುಕಿ, ನಿಮ್ಮ ವಿಮಾನದಲ್ಲಿ ಐಬಿಲ್ಲ, ನಮ್ಮ ಕೆಲಸ ಬೇರೆ ಎಂದು ನನ್ನಿಂದ ಹೇಳಿಸಿದರು. ನನಗೆ ಮಾತ್ರ ಕನ್ನಡದಲ್ಲಿ, "ನಾಕ ಮಂದಿ ಕುಂತು ಮದವಿಗೆ ಹೋಗಾಕ ಭಾಳ ಚಲೋ ಐತಿ" ಎಂದರು.

ಮರಳಿ ಬರುವಾಗ ಸಾಹುಕಾರರೇ ಚುರುಮುರಿ ಕೊಂಡು ಮೊದಲು ಕಾಕಾ ಅವರ ಕೈಗೆ ಕೊಟ್ಟರು. ಆಗ ಕಾಕಾ ಒಂದು ಸಂಗತಿ ಹೇಳಿದರು. ನಾನು ಅದನ್ನು ಅವರ ಬಾಯಿಂದ ಕೇಳಿದ್ದು ಆ ಒಂದೇ ಸಲ. ನೌಕರಿಯ ಮೊದಲ ವರ್ಷಗಳಲ್ಲಿ, ಅವರ ಜೊತೆಯವನೊಬ್ಬ ಜಿಗಿಯಲು ಬಾಗಿಲಲ್ಲಿ ನಿಂತಿದ್ದ. ಬಾಗಿಲಿನ ಅಂಚಿನಲ್ಲಿ ಒಂದು ಸ್ಕ್ರೂ ಒಂದಿಷ್ಟು ಹೊರಗೆ ಬಂದಿತ್ತು. ಅದು ಚೀಲದ ದಾರಕ್ಕೆ ಸಿಕ್ಕಿ ಪ್ಯಾರಾಚೂಟ್ ಬಾಗಿಲಲ್ಲೇ ಬಿಚ್ಚಿಕೊಂಡಿತು. ಗಾಳಿ ಅವನನ್ನು ಎಳೆದುಕೊಂಡು ಹೋಗಿ ಬಾಲಕ್ಕೆ ಅಪ್ಪಳಿಸಿತು. ಜೀವ ಉಳಿಯಿತು. ಬಲಗೈ ಮಾತ್ರ ಮತ್ತೆಂದೂ ಹೆಗಲಿನ ಮೇಲಕ್ಕೆ ಏಳಲಿಲ್ಲ.

"ಆ ಬಾಗಲಾ ಹಿಂದಿನ ದಿನಾ ನೋಡಿ ಸರಿ ಐತಿ ಅಂದಾವ ನಾನ" ಎಂದರು ಕಾಕಾ. "ಅಂವಾ ನನಗ ಒಂದ ಮಾತ ಅನಲಿಲ್ಲ. ಈಗೂ ವರ್ಷಕ್ಕ ಒಮ್ಮೆ ಹೋಗಿ ಅವನ ಮನ್ಯಾಗ ಎರಡ ದಿನಾ ಇದ್ದು ಬರ್ತೀನಿ. ಎಡಗೈಲೆ ಊಟಕ್ಕ ಬಡಸ್ತಾನ."

ಸಾಹುಕಾರರು ಮೊಬೈಲ್ ತೆಗೆದು, ಅಂದಗಾರನ ಫೋಟೋ ಅಳಿಸಿ ಮಗಳ ಫೋಟೋ ಹಾಕಿಕೊಂಡರು.

ಮುಂದಿನ ವಾರ ಹಳೆಯ ವಿಮಾನ ನೋಡಲು ಹೋದೆವು. ಅಲ್ಲಿಯೂ ಹಾಸಿಗೆ ಇಟ್ಟೇ ಪರೀಕ್ಷೆ. ಮೂತಿ ಎರಡು ಬೆರಳು ಎದ್ದು ಅಲ್ಲೇ ನಿಂತಿತು. ಬಾಲ ಬಾಗಿಲಿನಿಂದ ಸಾಕಷ್ಟು ದೂರ. ಅವತ್ತು ಕಾಕಾ ಚೀಲದಿಂದ ಒಂದು ಮೊಳ ರೇಷ್ಮೆ ಬಟ್ಟೆ ತೆಗೆದರು. ಅವರ ಅಣ್ಣನ ಮಗ್ಗದ್ದು. ಅದನ್ನು ಬಾಗಿಲಿನ ಅಂಚಿನ ಮೇಲೆ ಮೆಲ್ಲಗೆ, ಮಗುವಿನ ಮುಖ ಒರೆಸುವ ಹಾಗೆ, ಸುತ್ತಲೂ ಎಳೆಯುತ್ತಾ ಹೋದರು. ಕೆಳಗಿನ ಕೀಲಿನ ಹತ್ತಿರ ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡಿತು. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದರು. ಎಲ್ಲ ಸೇರಿ ಹನ್ನೊಂದು ಗುರುತು ಬಿದ್ದವು.

"ಬ್ಯಾಡೇನ್ರಿ ಹಂಗಾರ?" ಎಂದು ಸಾಹುಕಾರರು ಅಳುಕುತ್ತಲೇ ಕೇಳಿದರು.

"ಬೇಕು. ಆದ್ರ ಈ ಹನ್ನೊಂದು ಸರಿ ಆಗೂ ಮಟಾ ಸಹಿ ಇಲ್ಲ."

ಎರಡು ತಿಂಗಳು ಹಿಡಿಯಿತು. ಪರವಾನಗಿ ಇದ್ದ ಎಂಜಿನಿಯರರು ಹಳೆಯ ಬಾಗಿಲು ತೆಗೆದು, ಅಂಗಡಿಯ ಶಟರ್‌ನಂತೆ ಮೇಲಕ್ಕೆ ಸರಿಯುವ ಬಾಗಿಲು ಕೂಡಿಸಿದರು. ಆಸನಗಳು ಹೊರಗೆ ಬಂದವು. ಕಾಕಾ ಮತ್ತೆ ರೇಷ್ಮೆ ಎಳೆದರು, ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. ಆಗ ಸಹಿ ಬಿತ್ತು. ಬಣ್ಣವನ್ನಾದರೂ ಭರ್ಜರಿಯಾಗಿ ಹೊಡೆಸೋಣ, ಹೂಬಳ್ಳಿ ಬಿಡಿಸೋಣ ಎಂದು ಸಾಹುಕಾರರು ಆಸೆಪಟ್ಟರು. "ಬಣ್ಣದ್ದೂ ತೂಕ ಐತ್ರಿ" ಎಂದರು ಕಾಕಾ. ಹಾಗಾಗಿ ನಮ್ಮ ವಿಮಾನಕ್ಕೆ ಇವತ್ತಿಗೂ ತೆಳ್ಳನೆಯ ಬಿಳಿ ಬಣ್ಣ, ಒಂದೇ ಒಂದು ಕೆಂಪು ಪಟ್ಟಿ.

ಮೊದಲ ಜಿಗಿತದ ದಿನ ಬೇಲಿಯಾಚೆ ಜನ ಕಿಕ್ಕಿರಿದಿದ್ದರು. ಮುಂಡರಗಿಯಿಂದ, ಹಿರೇವಡ್ಡಟ್ಟಿಯಿಂದ ಟಂಟಂ ಆಟೊ ಮಾಡಿಕೊಂಡು ಬಂದಿದ್ದರು. ನಾಗಾವಿಯ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಮೊಬೈಲ್ ಎತ್ತಿ ಹಿಡಿದಿದ್ದರು. ಯಾರೋ ಮಿರ್ಚಿ ಭಜಿಯ ಗಾಡಿಯನ್ನೂ ತಂದು ನಿಲ್ಲಿಸಿದ್ದರು. ಸಾಹುಕಾರರು ತರಬೇತುದಾರನ ಎದೆಗೆ ಬಿಗಿದುಕೊಂಡು ಜಿಗಿಯುವವರಿದ್ದರು. ಅದಕ್ಕಾಗಿ ಆರು ತಿಂಗಳಲ್ಲಿ ಎಂಟು ಕಿಲೋ ಇಳಿಸಿದ್ದರು. ಅವರ ತಾಯಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

ವಿಮಾನ ಎದ್ದಿತು. ಸುತ್ತು ಹಾಕುತ್ತಾ ಹಾಕುತ್ತಾ ಮೇಲೇರಿ ಒಂದು ಚುಕ್ಕೆಯಾಯಿತು. ಕಾಕಾ ಪಟ್ಟಿಯ ಅಂಚಿನಲ್ಲಿ ಒಬ್ಬರೇ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಎಂಜಿನಿನ ಸದ್ದು ತಗ್ಗಿತು. ಬಾಗಿಲು ತೆರೆಯಲು ನಮ್ಮ ಪೈಲಟ್ ತರುಣಿ ವೇಗ ಇಳಿಸಿದ್ದಳು. ಆಮೇಲೆ ಯಾರೋ ಹುಡುಗಿ, "ಬಂದ್ರು, ಬಂದ್ರು" ಎಂದು ಕೂಗಿದಳು. ನೀಲಿಯಲ್ಲಿ ಒಂದು ಕಿತ್ತಳೆ ಬಣ್ಣದ ಪ್ಯಾರಾಚೂಟ್ ಅರಳಿತು, ಅದರ ಹಿಂದೆ ಇನ್ನೊಂದು. ಸಾಹುಕಾರರ ತಾಯಿ ನನ್ನ ಕೈ ಬಿಟ್ಟು ಎರಡೂ ಕೈ ಮುಗಿದರು. ಸಾವಿರ ಮುಖಗಳು ಆ ಕಡೆ ತಿರುಗಿದ್ದವು.

ಕಾಕಾ ಅವರ ಮುಖ ಮಾತ್ರ ಬೇರೆ ಕಡೆ ಇತ್ತು. ಅವರು ಖಾಲಿ ವಿಮಾನವನ್ನು ನೋಡುತ್ತಿದ್ದರು. ಅದು ಬಾಗಿ ತಿರುಗಿದ್ದನ್ನು, ಅವಸರ ಮಾಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದನ್ನು, ಮಸಾರಿ ನೆಲಕ್ಕೆ ಗಾಲಿ ತಾಗಿ ಕೆಂಪು ಧೂಳು ಎದ್ದದ್ದನ್ನು ಕಣ್ಣು ಮಿಟುಕಿಸದೆ ನೋಡಿದರು. ವಿಮಾನ ಶೆಡ್ಡಿನ ಮುಂದೆ ಬಂದು ನಿಂತು ಎಂಜಿನ್ ಆರಿತು. ಕಾಕಾ ಅದರ ಹತ್ತಿರ ಹೋದರು, ಬಾಗಿಲು ನೋಡಿದರು, ಬಾಲದ ಕಡೆ ಹೋಗಿ ಬಂದರು, ಎಂಜಿನಿನ ಬಿಸಿ ತೋರಿಸುವ ಮುಳ್ಳು ನೋಡಿ ಬರೆದುಕೊಂಡರು, ಪೈಲಟ್‌ಗೆ ನೀರು ಕೊಟ್ಟರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ಕೇಳಿದರು:

"ಅಕ್ಕಾರ, ಸಾವ್ಕಾರ್ರು ಇಳದ್ರೇನ್ರಿ?"

ಸಾಹುಕಾರರು ಇಳಿದು, ತಾಯಿಯ ಕಾಲಿಗೆ ಬಿದ್ದು, ಮಿರ್ಚಿ ಗಾಡಿಯ ಮುಂದೆ ನಿಂತು ಎರಡನೆಯ ಪ್ಲೇಟಿಗೆ ಕೈ ಹಾಕಿದ್ದರು.